ಜನಜಂಗುಳಿಯ ಆಚೆಗೊಂದು ಮೈಸೂರು

“ತಾತ, ಮೈಸೂರು ಮುಗೀತು. ನಾಳೆ ಏನ್ಮಾಡೋಣ?”

ದಸರಾ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ ಪ್ರಶ್ನೆ ಇದು. ಅವನಿಗೆ ಹನ್ನೊಂದು ವರ್ಷ, ತಂಗಿಗೆ ಎಂಟು. ಅವತ್ತು ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟವರು ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ, ಮೂರನ್ನೂ ಒಂದೇ ದಿನದಲ್ಲಿ ನೋಡಿ ಸುಸ್ತಾಗಿ ಬಂದಿದ್ದರು. ವಿಜಯದಶಮಿ ಕಳೆದಿದ್ದರೂ ಊರಿನಲ್ಲಿ ಜನ ಕರಗಿರಲಿಲ್ಲ. ಎಲ್ಲಿ ನೋಡಿದರೂ ಸಾಲು, ಎಲ್ಲಿ ಹೋದರೂ ನೂಕುನುಗ್ಗಲು.

“ಅರಮನೇಲಿ ಏನು ನೋಡಿದೆ ಪುಟ್ಟಿ?” ಎಂದು ಮೊಮ್ಮಗಳನ್ನು ಕೇಳಿದೆ.

“ಮುಂದೆ ನಿಂತಿದ್ದ ಅಂಕಲ್ ಬೆನ್ನು ನೋಡ್ದೆ ತಾತ” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ‘ಮೈಸೂರು ಮುಗೀತು’ ಎಂಬ ಮಾತು ಮನಸ್ಸನ್ನು ಕೊರೆಯತೊಡಗಿತು. ನಾನು ಈ ಊರಿಗೆ ಬ್ಯಾಂಕಿನ ಗುಮಾಸ್ತನಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ನನಗಿನ್ನೂ ಮುಗಿಯದ ಊರು ಇವನಿಗೆ ಒಂದೇ ದಿನದಲ್ಲಿ ಮುಗಿದುಹೋಯಿತೇ?

ನಿಜ ಹೇಳಬೇಕೆಂದರೆ ತಪ್ಪು ಹುಡುಗನದಲ್ಲ. ನಿವೃತ್ತನಾಗುವವರೆಗೆ ನಾನೇ ಮೈಸೂರನ್ನು ನೋಡಿರಲಿಲ್ಲ. ಮನೆಯಿಂದ ಬ್ಯಾಂಕು, ಬ್ಯಾಂಕಿನಿಂದ ಮನೆ. ನೆಂಟರು ಬಂದರೆ ಅವರನ್ನು ಅರಮನೆಯ ಬಾಗಿಲವರೆಗೆ ಬಿಟ್ಟು ಬರುವುದು. ನನ್ನ ಮನೆಯಾಕೆ ಆಗಾಗ ಚುಚ್ಚುತ್ತಿದ್ದಳು: “ಎಲ್ಲೆಲ್ಲಿಂದಲೋ ಜನ ಬಂದು ನಮ್ಮೂರು ನೋಡ್ಕೊಂಡು ಹೋಗ್ತಾರೆ. ಊರಲ್ಲೇ ಇರೋ ನಾವು ಯಾವಾಗ ನೋಡೋದು?” ನನ್ನ ಉತ್ತರ ಯಾವಾಗಲೂ ಒಂದೇ. “ಮುಂದಿನ ಭಾನುವಾರ.” ಆ ಭಾನುವಾರ ಬಂದದ್ದು ನಿವೃತ್ತಿಯ ಮೇಲೆ. ಆಗ ಇಬ್ಬರೂ ಸೇರಿ, ಬಸ್ಸಿನಲ್ಲಿ, ನಡೆದುಕೊಂಡು, ಒಂದೊಂದೇ ಜಾಗ ನೋಡಿದೆವು. ಆರಿಸುತ್ತಿದ್ದವಳು ಅವಳು, ಹಿಂದೆ ಹೋಗುತ್ತಿದ್ದವನು ನಾನು. ಅವಳು ತೀರಿಕೊಂಡು ಈಗ ಮೂರು ವರ್ಷ.

ಮರುದಿನ ಬೆಳಿಗ್ಗೆ ಬೀರುವಿನಿಂದ ಹಳೆಯ ಬ್ಯಾಂಕ್ ಡೈರಿಯೊಂದನ್ನು ತೆಗೆದೆ. ಖಾಲಿ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಜಮಾ’, ಬಲಕ್ಕೆ ‘ಬಾಕಿ’ ಎಂದು ಬರೆದು ಮೊಮ್ಮಗನ ಕೈಗಿಟ್ಟೆ. “ನೋಡಿದ್ದೆಲ್ಲ ಜಮಾ. ನೋಡದೇ ಇರೋದು ಬಾಕಿ. ನೀನು ಊರಿಗೆ ಹೋಗೋ ದಿನ ಲೆಕ್ಕ ಟ್ಯಾಲಿ ಮಾಡೋಣ.” ಅವನು ಜಮಾ ಕಡೆ ಅರಮನೆ, ಮೃಗಾಲಯ, ಬೃಂದಾವನ ಎಂದು ಬರೆದ. ಬಾಕಿ ಕಡೆ ಏನೂ ಬರೆಯಲಿಲ್ಲ. ಅವನ ಪ್ರಕಾರ ಬಾಕಿ ಏನೂ ಇರಲಿಲ್ಲ!

ಗಡಿಯಾರದಲ್ಲಿ ಕನ್ನಡ

ಮೊದಲು ಕರೆದುಕೊಂಡು ಹೋದದ್ದು ದೊಡ್ಡ ಗಡಿಯಾರದ ಹತ್ತಿರ. ಅರಮನೆಗೆ ಹೋಗುವವರೆಲ್ಲ ಇದನ್ನು ದಾಟಿಯೇ ಹೋಗುತ್ತಾರೆ, ನಿಂತು ನೋಡುವವರು ಕಡಿಮೆ. ಹಿಂದಿನ ದಿನ ಇವರೂ ದಾಟಿ ಹೋಗಿದ್ದರು.

“ಗಂಟೆ ಎಷ್ಟು, ನೋಡಿ ಹೇಳಪ್ಪ” ಎಂದೆ. ಹುಡುಗ ತಲೆ ಎತ್ತಿ ನೋಡಿದ, ಕಣ್ಣು ಕಿರಿದು ಮಾಡಿದ. “ತಾತ, ನಂಬರ್ ಅರ್ಥ ಆಗ್ತಿಲ್ಲ” ಎಂದ. ಆಗಬೇಕಾದ್ದೇ. ಆ ಗಡಿಯಾರದ ಮುಖದಲ್ಲಿರುವುದು ಕನ್ನಡ ಅಂಕಿಗಳು! ೧, ೨, ೩ ಎಂದು ಸುತ್ತಲೂ ಹನ್ನೆರಡು. ಅಣ್ಣ ತಂಗಿ ಇಬ್ಬರೂ ಅಲ್ಲೇ ನಿಂತು ಕಲಿತರು. ೬ ಯಾವುದು, ೯ ಯಾವುದು ಎನ್ನುವುದರಲ್ಲಿ ಸ್ವಲ್ಪ ಜಗಳವೂ ಆಯಿತು. “ಮುಳ್ಳು ನೋಡದೆ ಬರೀ ಅಂಕಿ ನೋಡಿದ್ರೆ ಹೀಗೇ” ಎಂದು ಹೂ ಮಾರುತ್ತಿದ್ದ ಹೆಂಗಸು ನಕ್ಕಳು.

ಮಕ್ಕಳೇ, ಈ ಗಡಿಯಾರ ಗೋಪುರ ಕಟ್ಟಿದ್ದು 1927ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು ಇಪ್ಪತ್ತೈದು ವರ್ಷ ತುಂಬಿದ ಬೆಳ್ಳಿಹಬ್ಬದ ನೆನಪಿಗೆ. ಎತ್ತರ ಸುಮಾರು 75 ಅಡಿ. ಇದರಲ್ಲಿ ನನಗೆ ಹಿಡಿಸಿದ ಸಂಗತಿಯೆಂದರೆ, ರಾಜರಿಗಾಗಿ ಇದನ್ನು ಕಟ್ಟಿಸಿಕೊಟ್ಟವರು ಅರಮನೆಯ ನೌಕರರು. ಅಂದರೆ ನಮ್ಮಂಥ ಸಂಬಳದವರು! ಅರಮನೆ ರಾಜರದು, ಗಡಿಯಾರ ಗುಮಾಸ್ತರದು ಎಂದುಕೊಂಡು ನಾನು ಯಾವಾಗಲೂ ಅದಕ್ಕೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗುವುದು.

ತಾಳೆಗರಿಯ ಮನೆ

ಅಲ್ಲಿಂದ ಆಟೋದಲ್ಲಿ ಕೃಷ್ಣರಾಜ ಬುಲೆವಾರ್ಡ್ ರಸ್ತೆಗೆ ಹೋದೆವು. ಎರಡೂ ಕಡೆ ದೊಡ್ಡ ಮರಗಳ ನೆರಳು. ಅಲ್ಲೇ ಕಂಬಗಳ ಜಗಲಿಯ ಒಂದು ಹಳೆಯ ಕಟ್ಟಡವಿದೆ. ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಓರಿಯೆಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಶುರುವಾದದ್ದು. ಈ ರಸ್ತೆಯಲ್ಲಿ ನಾನು ವರ್ಷಗಟ್ಟಲೆ ಸೈಕಲ್ಲಿನಲ್ಲಿ ಓಡಾಡಿದ್ದೇನೆ. ಒಂದು ದಿನವೂ ಇಳಿದು ಒಳಗೇನಿದೆ ಎಂದು ನೋಡಲಿಲ್ಲ. ಬಿ.ಕಾಂ. ಓದುವಾಗ ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಬಾಯಿಪಾಠ ಮಾಡಿದ್ದವನಿಗೆ, ಆ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದು ಇಲ್ಲೇ ಎಂಬುದು ಗೊತ್ತಾದದ್ದು ಅರವತ್ತು ದಾಟಿದ ಮೇಲೆ.

ಕಥೆ ಹೀಗಿದೆ. ಅರ್ಥಶಾಸ್ತ್ರ ಎಂಬ ಗ್ರಂಥವಿತ್ತು ಎಂದು ವಿದ್ವಾಂಸರಿಗೆ ತಿಳಿದಿತ್ತು. ಬೇರೆ ಪುಸ್ತಕಗಳಲ್ಲಿ ಅದರ ಮಾತುಗಳು ಅಲ್ಲಲ್ಲಿ ಬರುತ್ತಿದ್ದವು. ಆದರೆ ಪೂರ್ತಿ ಗ್ರಂಥ ಎಲ್ಲೂ ಇರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟೊಂದು ಈ ಲೈಬ್ರರಿಗೆ ಸೇರಿತು. ಬರೆದದ್ದು ಸಂಸ್ಕೃತ, ಲಿಪಿ ಗ್ರಂಥ ಲಿಪಿ. ಇಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಅರ್ಥಶಾಸ್ತ್ರವೇ ಎಂದು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಶತಮಾನಗಳ ಕಾಲ ಕಾಣೆಯಾಗಿದ್ದ ಪುಸ್ತಕ ನಮ್ಮೂರಿನ ಕಪಾಟಿನಲ್ಲಿ ಸಿಕ್ಕಿತು!

ಇದು ಪ್ರವಾಸಿಗಳಿಗೆಂದು ಇಟ್ಟ ಜಾಗವಲ್ಲ, ಓದುವವರ, ಸಂಶೋಧಕರ ಜಾಗ. ಕಚೇರಿಗೆ ಹೋಗಿ ಮಕ್ಕಳಿಗೆ ತೋರಿಸಬೇಕೆಂದು ಕೇಳಿಕೊಂಡೆವು. ಅಲ್ಲಿದ್ದವರೊಬ್ಬರು ಒಂದು ಕಟ್ಟನ್ನು ತೋರಿಸಿ ವಿವರಿಸಿದರು. ಒಣಗಿಸಿ ಹದ ಮಾಡಿದ ಗರಿಯ ಮೇಲೆ ಕಬ್ಬಿಣದ ಮೊನಚು ಕಡ್ಡಿಯಿಂದ ಗೀರಿ ಬರೆಯುವುದು. ಆಮೇಲೆ ಮಸಿ ಬಳಿದು ಒರೆಸಿದರೆ ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತದೆ, ಅಕ್ಷರ ಕಾಣುತ್ತದೆ. ಗರಿಯಲ್ಲಿ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಕಟ್ಟಿದರೆ ಅದೇ ಪುಸ್ತಕ. ಹುಳು ಹತ್ತದಂತೆ ಹುಲ್ಲೆಣ್ಣೆ ಸವರುತ್ತಾರೆ. ಮೊಮ್ಮಗಳು ಮೂಗು ಹತ್ತಿರ ತಂದು “ನಿಂಬೆಹಣ್ಣಿನ ವಾಸನೆ!” ಎಂದಳು.

ಹೊರಗೆ ಬಂದು ಜಗಲಿಯಲ್ಲಿ ಕುಳಿತಾಗ ಹೇಳಿದೆ: “ರಾಜನ ಬೊಕ್ಕಸದ ಹಣ ನುಂಗೋಕೆ 40 ದಾರಿ ಇದೆ ಅಂತ ಆ ಪುಸ್ತಕದಲ್ಲಿ ಕೌಟಿಲ್ಯ ಪಟ್ಟಿ ಮಾಡಿದ್ದಾನೆ.”

“ನಿಮ್ಮ ಬ್ಯಾಂಕಲ್ಲಿ ಎಷ್ಟು ದಾರಿ ಇತ್ತು ತಾತ?”

“ನನಗೆ ಗೊತ್ತಿದ್ದದ್ದು ಒಂದೇ ಕಣೋ. ಆಫೀಸಿನ ಪೆನ್ನು ಜೇಬಲ್ಲಿ ಮರೆತು ಮನೆಗೆ ತರೋದು.”

ಅವತ್ತು ಅಲ್ಲಿ ನಮ್ಮನ್ನು ಬಿಟ್ಟು ಇನ್ನೊಬ್ಬ ಪ್ರವಾಸಿ ಇರಲಿಲ್ಲ.

ಅಜ್ಜಿ ಬೆಂಚು

ಮಂಗಳವಾರ ಬೆಳಿಗ್ಗೆ ಆರಕ್ಕೆ ಎಬ್ಬಿಸಿದಾಗ ಇಬ್ಬರೂ ಮುಖ ಸಿಂಡರಿಸಿದರು. ರಜೆಯಲ್ಲಿ ಆರು ಗಂಟೆಗೆ ಏಳುವ ಕಷ್ಟ ನನಗೂ ಗೊತ್ತು. ಆದರೆ ಕುಕ್ಕರಹಳ್ಳಿ ಕೆರೆಯನ್ನು ನೋಡಬೇಕಾದ್ದು ಆಗಲೇ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗೆ ನೀರಿರಲಿ ಎಂದು ಕಟ್ಟಿಸಿದ ಕೆರೆ ಇದು. ಆಗ ಇದು ಊರ ಹೊರಗಿತ್ತು. ಊರು ಬೆಳೆದು ಈಗ ಕೆರೆಯೇ ಊರೊಳಗೆ ಬಂದು ಕೂತಿದೆ. ಒಂದು ಕಾಲಕ್ಕೆ ಚರಂಡಿ ನೀರು ಸೇರಿ ನರಳಿದ್ದೂ ಉಂಟು. ಆದರೂ ಏರಿಯ ಮೇಲೆ ನಿಂತರೆ ಇದು ನಗರದ ಮಧ್ಯ ಎಂದು ನಂಬುವುದು ಕಷ್ಟ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ ಇದೇ. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ.

ಮಂಜು ಇನ್ನೂ ನೀರಿನ ಮೇಲಿತ್ತು. ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳ ಸಂತೆ. ಚೀಲದಂಥ ಕೊಕ್ಕಿನ ಹೆಜ್ಜಾರ್ಲೆ, ಗುಲಾಬಿ ಗರಿಯ ಬಣ್ಣದ ಕೊಕ್ಕರೆ, ಕಪ್ಪು ನೀರುಕಾಗೆ. ಕತ್ತು ಮಾತ್ರ ನೀರಿನ ಮೇಲೆ ಹಾವಿನಂತೆ ಎತ್ತಿಕೊಂಡು ಈಜುತ್ತಿದ್ದದ್ದು ಹಾವಕ್ಕಿ. ಅದು ದಡದ ಕೊಂಬೆಗೆ ಬಂದು ರೆಕ್ಕೆ ಎರಡನ್ನೂ ಅಗಲಿಸಿ ನಿಂತುಬಿಟ್ಟಿತು. “ಯಾಕೆ ಹಂಗೆ ನಿಂತಿದೆ?” ಎಂದ ಹುಡುಗ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ, ಹಾವಕ್ಕಿಯ ಗರಿ ನೀರಿನಲ್ಲಿ ನೆನೆದುಬಿಡುತ್ತದೆ. ನೆನೆದು ಭಾರವಾದರೇನೇ ಅದಕ್ಕೆ ಮುಳುಗಿ ಮೀನು ಹಿಡಿಯುವುದು ಸುಲಭ. ಮೀನು ತಿಂದಾದ ಮೇಲೆ ಒಗೆದ ಬಟ್ಟೆಯಂತೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು, ಅಷ್ಟೆ.

ದಾರಿಯಲ್ಲಿ ಒಂದು ಕಲ್ಲು ಬೆಂಚು ಬಂತು. ನಿವೃತ್ತಿಯ ನಂತರ ನಾನೂ ನನ್ನ ಮನೆಯಾಕೆಯೂ ದಿನಾ ಸಂಜೆ ಕೂರುತ್ತಿದ್ದ ಬೆಂಚು. ಅವಳು ಹೋದ ಮೇಲೆ ಒಂದು ವರ್ಷ ನಾನು ಕೆರೆಯ ಕಡೆ ತಲೆ ಹಾಕಿರಲಿಲ್ಲ. ಈಗ ಬರುತ್ತೇನೆ, ಆದರೆ ಆ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಮೊಮ್ಮಗಳು ಕಾಲು ನೋಯುತ್ತದೆಂದು ಓಡಿಹೋಗಿ ಅದರ ಮೇಲೇ ಕುಳಿತಳು. ಇನ್ನೇನು ಮಾಡುವುದು, ನಾನೂ ಹೋಗಿ ಕುಳಿತೆ.

“ಇದು ನಿಮ್ಮಜ್ಜಿ ಬೆಂಚು” ಎಂದೆ.

“ಅಜ್ಜಿ ಇಲ್ಲಿ ಏನ್ಮಾಡ್ತಿದ್ರು?”

“ಸುಮ್ನೆ ಕೂರ್ತಿದ್ಳು. ಎಷ್ಟು ಥರ ಸದ್ದು ಕೇಳ್ಸುತ್ತೆ ಅಂತ ಎಣಿಸ್ತಿದ್ಳು. ನನಗೂ ಎಣಿಸೋಕೆ ಹೇಳ್ತಿದ್ಳು.”

ಮಕ್ಕಳೂ ಎಣಿಸಿದರು. ಹತ್ತು ನಿಮಿಷ ಒಬ್ಬರೂ ಮಾತಾಡಬಾರದು ಎಂಬುದು ಷರತ್ತು. ಮೊಮ್ಮಗನಿಗೆ ಏಳು ಸದ್ದು ಕೇಳಿತು, ಮೊಮ್ಮಗಳಿಗೆ ಹನ್ನೊಂದು. ನನ್ನ ಉಸಿರಾಟದ ಸದ್ದನ್ನೂ ಅವಳು ಲೆಕ್ಕಕ್ಕೆ ಸೇರಿಸಿದ್ದಳು! ಅವತ್ತು ಡೈರಿಯ ಜಮಾ ಕಡೆ ಅವಳೇ ಬರೆದಳು: ‘ಅಜ್ಜಿ ಬೆಂಚು’.

ಮದುಮಗಳ ಮನೆ

ಕೆರೆಯಿಂದ ಗಂಗೋತ್ರಿಯೊಳಗೆ ನಡೆದರೆ ಜಯಲಕ್ಷ್ಮೀ ವಿಲಾಸ ಸಿಗುತ್ತದೆ. ಹೋಗುವ ದಾರಿಯಲ್ಲಿ ಮಕ್ಕಳಿಗೆ ಅರಮನೆಯ ಕಥೆ ಹೇಳಿದೆ. ಅವರು ಭಾನುವಾರ ನೋಡಿದ ಅರಮನೆ ಅಷ್ಟೇನೂ ಹಳೆಯದಲ್ಲ. ಅದಕ್ಕೆ ಮೊದಲು ಅಲ್ಲಿ ಮರದ ಅರಮನೆಯಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಈಗಿರುವುದು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿದದ್ದು. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತಾರೆ.

“ಆ ಮದುವೆ ಹೆಣ್ಣು ಆಮೇಲೆ ಏನಾದ್ರು?” ಎಂದು ಮೊಮ್ಮಗಳು ಕೇಳಿದಳು. ಆ ಪ್ರಶ್ನೆಗೇ ನಾನು ಕಾಯುತ್ತಿದ್ದೆ. “ಅವರ ಮನೆಗೇ ಈಗ ಹೋಗ್ತಿರೋದು!”

1905ರಲ್ಲಿ ಅವರಿಗಾಗಿ ಕಟ್ಟಿದ ಮಹಲು ಇದು. ಅವರ ಪತಿ ಕಾಂತರಾಜೇ ಅರಸರು ಮುಂದೆ ಮೈಸೂರಿನ ದಿವಾನರೂ ಆದರು. ಎಷ್ಟೋ ವರ್ಷಗಳ ನಂತರ ಕಟ್ಟಡ ವಿಶ್ವವಿದ್ಯಾನಿಲಯಕ್ಕೆ ಬಂತು, 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಹಳ್ಳಿ ಹಳ್ಳಿ ಅಲೆದು ವಸ್ತುಗಳನ್ನು ಕೂಡಿಸಿದವರಲ್ಲಿ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯನವರ ಹೆಸರು ದೊಡ್ಡದು. ಸೋಮನ ಕುಣಿತದ ಮುಖಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಗಳು, ನೇಗಿಲು, ಕೂರಿಗೆ. ರಾಜಕುಮಾರಿಯ ಮಹಲಿನಲ್ಲಿ ರೈತನ ಮನೆಯ ಸಾಮಾನು!

ನಾವು ಹೋದಾಗ ಹೊರಗಿನಿಂದಷ್ಟೇ ನೋಡಿ ಬಂದೆವು. ಹಳೆಯ ಕಟ್ಟಡಗಳಿಗೂ ನನ್ನಂತೆ ಮಂಡಿನೋವು ಇರುತ್ತದೆ, ಆಗಾಗ ಚಿಕಿತ್ಸೆ ಬೇಕಾಗುತ್ತದೆ. ಮಕ್ಕಳು ಸಪ್ಪಗಾದರು. ಹಿಂದೆ ಒಳಗೆ ನೋಡಿದ್ದನ್ನು ಮೆಟ್ಟಿಲ ಮೇಲೆ ಕೂತು ವರ್ಣಿಸಿದೆ. ಸೇರು, ಪಾವು, ಕೊಳಗ ಎಂದರೆ ಏನು, ಅಂಗಡಿಯಲ್ಲಿ ಕಿಲೋ ಬರುವ ಮುಂಚೆ ಅಕ್ಕಿ ಹೇಗೆ ಅಳೆಯುತ್ತಿದ್ದರು ಎಂದೆಲ್ಲ. ಮೊಮ್ಮಗ ಡೈರಿ ತೆಗೆದು ಮೊದಲ ಬಾರಿಗೆ ಬಾಕಿ ಕಡೆ ಬರೆದ: ‘ಜಯಲಕ್ಷ್ಮೀ ವಿಲಾಸದ ಒಳಗೆ’. ಖಾತೆ ತೆರೆದಂತಾಯಿತು ಎಂದು ನನಗೆ ಒಳಗೊಳಗೇ ಖುಷಿ.

ಯಾದವಗಿರಿಯ ಎರಡು ಮನೆಗಳು

ಬುಧವಾರ ಯಾದವಗಿರಿ. ರೈಲು ನಿಲ್ದಾಣಕ್ಕೆ ಹತ್ತಿರವಿದ್ದರೂ ನಿಧಾನವಾಗಿ ಉಸಿರಾಡುವ ಬಡಾವಣೆ. ಇಲ್ಲಿ ಮಾಲ್ಗುಡಿಯ ಜನಕ ಆರ್.ಕೆ. ನಾರಾಯಣ್ ಅವರ ಮನೆಯಿದೆ. ಬಿಳಿಯ ಎರಡಂತಸ್ತಿನ ಸರಳವಾದ ಮನೆ. ಮಹಡಿಯಲ್ಲಿ ಕಮಾನಿನಂತೆ ಬಾಗಿದ ಗೋಡೆಗೆ ಸಾಲಾಗಿ ಕಿಟಕಿಗಳಿರುವ ಕೋಣೆ. ಅಲ್ಲಿಂದ ಚಾಮುಂಡಿ ಬೆಟ್ಟವೂ ಕಾಣುತ್ತಿತ್ತಂತೆ. ನೋಟ ಚೆನ್ನಾಗಿದ್ದರೆ ಬರವಣಿಗೆ ಸಾಗುವುದಿಲ್ಲವೆಂದು ಕಿಟಕಿಗೆ ಪರದೆ ಹಾಕಿಸಿಕೊಂಡರಂತೆ! “ನಾನೂ ಹೋಂವರ್ಕ್ ಮಾಡುವಾಗ ಹಾಗೇ” ಎಂದ ಮೊಮ್ಮಗ. ಅವನ ಅಪ್ಪ ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬರುವ ಹೊತ್ತಿಗೆ ಬೀದಿಯಲ್ಲಿ ಆಟ ನಿಲ್ಲಿಸಿ ಓಡಿ ಬರುತ್ತಿದ್ದದ್ದು ನನಗೆ ನೆನಪಾಯಿತು.

ಈ ಮನೆ ಇವತ್ತು ನಿಂತಿರುವುದೇ ಒಂದು ಭಾಗ್ಯ. 2011ರಲ್ಲಿ ಇದನ್ನು ಒಡೆಯುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಲೇಖಕರು, ಓದುಗರು, ಊರಿನ ಜನ ದನಿ ಎತ್ತಿದರು. ಕೆಲಸ ನಿಂತಿತು, ಮನೆ ಸಾರ್ವಜನಿಕರ ಕೈಗೆ ಬಂತು, ದುರಸ್ತಿಯಾಗಿ 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಸದ್ದಿಲ್ಲದ ಜಾಗಗಳ ಕಷ್ಟವೇ ಇದು. ಅರಮನೆಗೆ ಏನಾದರೂ ಆದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಮೂಲೆಯ ಮನೆಯೊಂದು ಬಿದ್ದರೆ ಪಕ್ಕದ ಬೀದಿಗೂ ತಿಳಿಯುವುದಿಲ್ಲ. ನಾಲ್ಕು ಜನ ಬಂದು ಹೋಗುತ್ತಿದ್ದರೆ ಅವು ಉಳಿಯುತ್ತವೆ.

ಅಲ್ಲಿಂದ ಆಕಾಶವಾಣಿ ಕೇಂದ್ರದ ಕಡೆ ನಡೆದೆವು. ಭಾರತದ ರೇಡಿಯೋಗೆ ‘ಆಕಾಶವಾಣಿ’ ಎಂಬ ಹೆಸರು ಹೋದದ್ದು ಮೈಸೂರಿನಿಂದ ಎಂಬುದು ಎಷ್ಟು ಜನಕ್ಕೆ ಗೊತ್ತು? ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಯಂತ್ರವಿಟ್ಟು ಪ್ರಸಾರ ಶುರು ಮಾಡಿದರು. ಅದಕ್ಕಿಟ್ಟ ಹೆಸರೇ ಆಕಾಶವಾಣಿ. ಅವರ ಮನೆ ‘ವಿಠಲ ವಿಹಾರ’ ಇದ್ದದ್ದು ಈಗಿನ ಕೇಂದ್ರದ ಸಮೀಪದಲ್ಲೇ. “ಮನೇಲಿ ಕೂತು ಚಾನೆಲ್ ಶುರು ಮಾಡಿದ್ರಾ? ನಮ್ಮ ಕ್ಲಾಸಲ್ಲೂ ಒಬ್ಬ ಮಾಡಿದಾನೆ!” ಎಂದ ಮೊಮ್ಮಗ. ನೋಡಿ, ತೊಂಬತ್ತು ವರ್ಷದ ಹಿಂದಿನ ಮೇಷ್ಟ್ರು ಅವನಿಗೆ ಒಂದೇ ಕ್ಷಣದಲ್ಲಿ ಗೆಳೆಯರಾಗಿಬಿಟ್ಟರು.

ಕೊನೆಯ ಮೆಟ್ಟಿಲು

ಗುರುವಾರ ಬೆಳಿಗ್ಗೆ ನನ್ನ ಮಗನೂ ಎದ್ದು ಬಂದ. ನಾಲ್ಕು ದಿನದಿಂದ ಲ್ಯಾಪ್‌ಟಾಪ್ ಮುಂದೆ ಕೂತೇ ರಜೆ ಕಳೆದಿದ್ದ. “ಬೆಟ್ಟ ಅಂದ್ರೆ ನಾನೂ ಬರ್ತೀನಿ ಅಪ್ಪ” ಎಂದ.

ಚಾಮುಂಡಿ ಬೆಟ್ಟಕ್ಕೆ ಬಸ್ಸಿದೆ, ಕಾರು ಹೋಗುತ್ತದೆ, ಮೇಲೆ ಜಾತ್ರೆಯಂಥ ಜನವಿರುತ್ತಾರೆ. ಆದರೆ ಬೆಟ್ಟದ ಬುಡದಿಂದ ಸಾವಿರಕ್ಕೂ ಮಿಕ್ಕಿ ಮೆಟ್ಟಿಲುಗಳ ಹಳೆಯ ದಾರಿಯಿದೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದದ್ದು. ಅರ್ಧಕ್ಕಿಂತ ಮೇಲೆ ಹೋದಾಗ ಸಿಗುವ, ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿಯೂ ಅವರ ಕಾಲದ್ದೇ. ಬೆಳಗಿನ ಹೊತ್ತು ಇಲ್ಲಿ ಹತ್ತುವವರು ಹೆಚ್ಚಾಗಿ ಊರಿನವರೇ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ.

ನನ್ನ ಮಂಡಿ ಒಪ್ಪಲಿಲ್ಲ. ನಂದಿಯವರೆಗೆ ರಸ್ತೆಯಿದೆಯಾದ್ದರಿಂದ ನಾನು ಆಟೋದಲ್ಲಿ ಹೋಗಿ ಕಾಯುತ್ತಿದ್ದೆ. ನಂದಿಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದೆ ಬಂಡೆಯೊಳಗೆ ಪುಟ್ಟ ಗುಹೆ, ಅದರಲ್ಲಿ ಒಂದು ಶಿವಲಿಂಗ ಇರುವುದನ್ನು ಕಂಡವರು ಕಡಿಮೆ. ತಣ್ಣನೆಯ ಆ ಬಂಡೆಯ ಪಕ್ಕ ಕುಳಿತಿದ್ದೆ. ಮೂವರೂ ಏದುಸಿರು ಬಿಡುತ್ತಾ ಬಂದರು.

“ತಾತ, ಅಜ್ಜಿ ಈ ಮೆಟ್ಟಿಲಿಗೆಲ್ಲ ಕುಂಕುಮ ಹಚ್ಚಿದ್ರಂತೆ! ಅಪ್ಪನ ಎಸ್ಸೆಸ್ಸೆಲ್ಸಿಗೆ!” ಎಂದು ಮೊಮ್ಮಗಳು ಕೂಗಿದಳು.

ನನಗೆ ಗೊತ್ತಿತ್ತು. 1997ರ ಮಾರ್ಚ್ ತಿಂಗಳ ಕೊನೆ. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ದಿನಗಳು. ನೀವೂ ಬನ್ನಿ ಎಂದು ಅವಳು ಕರೆದಿದ್ದಳು. ಲೆಕ್ಕ ಟ್ಯಾಲಿ ಆಗುತ್ತಿಲ್ಲ, ನೀವು ಹೋಗಿಬನ್ನಿ ಎಂದು ನಾನು ರೇಗಿದ್ದೆ. ತಾಯಿ ಮಗ ಇಬ್ಬರೇ ಬಂದಿದ್ದರು.

ಮಗ ನನ್ನ ಪಕ್ಕ ಬಂದು ಕುಳಿತ. ನೀರು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಿಮಗೆ ಹೇಳಿರಲಿಲ್ಲ ಅಪ್ಪ. ಕೊನೆ ಮೆಟ್ಟಿಲು ಬಂದಾಗ ಅಮ್ಮ, ಇದೊಂದು ನಿನಗಲ್ಲ ಕಣೋ, ನಿಮ್ಮಪ್ಪನ ಲೆಕ್ಕ ಸರಿಹೋಗಲಿ ಅಂತ, ಅಂದಿದ್ರು.”

ನಾನು ಏನೂ ಹೇಳಲಿಲ್ಲ. ಆ ವರ್ಷ ಲೆಕ್ಕವೇನೋ ಸರಿಹೋಯಿತು. ಯಾವ ಕುಂಕುಮದಿಂದ ಸರಿಹೋಯಿತು ಎಂದು ನನಗೆ ತಿಳಿದದ್ದು ಇಷ್ಟು ವರ್ಷದ ಮೇಲೆ. ಮಕ್ಕಳು ಆಗಲೇ ಮೇಲೆ ಹತ್ತತೊಡಗಿದ್ದರು. “ಕೊನೆ ಮೆಟ್ಟಿಲನ್ನ ನನ್ನ ಪರವಾಗಿ ಮುಟ್ಟಿ ಬನ್ನಿ” ಎಂದು ಕೂಗಿ ಹೇಳಿದೆ. ಮುಟ್ಟಿ ಬಂದರು.

ಹೋಗುವವರಿಗೆ ನಾಲ್ಕು ಮಾತು

ಇದನ್ನು ಓದಿ ಯಾರೂ ಅರಮನೆ ಬಿಡಬೇಡಿ. ಅದೂ ನೋಡಲೇಬೇಕಾದ್ದು. ಆದರೆ ಅದರ ಜೊತೆಗೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ.

* ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ ಸಾಕು. ಪಟ್ಟಿ ಉದ್ದವಾದಷ್ಟೂ ನೋಡುವುದು ಕಡಿಮೆಯಾಗುತ್ತದೆ.

* ಕೆರೆಗೂ ಮೆಟ್ಟಿಲಿಗೂ ಬೆಳಗಿನ ಹೊತ್ತೇ ಸರಿ. ಕುಕ್ಕರಹಳ್ಳಿಯಲ್ಲಿ ಹಕ್ಕಿಗಳಿಗೆ ತಿಂಡಿ ಎಸೆಯಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

* ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕೆಲಸದ ದಿನವೇ ಹೋಗಿ, ಕಚೇರಿಯಲ್ಲಿ ಕೇಳಿಕೊಂಡು ಒಳಗೆ ಹೋಗಿ. ಮೆಲ್ಲಗೆ ಮಾತಾಡಿ. ಜಯಲಕ್ಷ್ಮೀ ವಿಲಾಸ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

* ಬೆಟ್ಟದ ಮೆಟ್ಟಿಲಿಗೆ ನೀರು ಜೊತೆಗಿರಲಿ. ಕೋತಿಗಳ ಎದುರು ತಿಂಡಿಯ ಪೊಟ್ಟಣ ಬಿಚ್ಚಬೇಡಿ.

* ನಿಮ್ಮದು ಯಾವ ಊರೇ ಆಗಲಿ, ಮನೆಯ ಹಿರಿಯರನ್ನು ಒಂದು ಮಾತು ಕೇಳಿ: “ನಿಮಗೆ ಇಷ್ಟವಾದ ಜಾಗ ಯಾವುದು?” ಗೈಡು ಹೇಳದ್ದು ಅವರ ಬಾಯಲ್ಲಿ ಬರುತ್ತದೆ.

ಲೆಕ್ಕ ಮುಕ್ತಾಯ

ಶುಕ್ರವಾರ ಮಧ್ಯಾಹ್ನ ಅವರು ಹೊರಡುವ ಮುಂಚೆ ಡೈರಿ ತೆಗೆದು ಕುಳಿತೆವು. ಜಮಾ ಕಡೆ ಹತ್ತು ಹೆಸರು. ಬಾಕಿ ಕಡೆ? ಹುಡುಗ ನಾಲ್ಕು ದಿನ ನನ್ನನ್ನೂ ಆಟೋದವರನ್ನೂ ಕೇಳಿ ಕೇಳಿ ಬರೆದುಕೊಂಡಿದ್ದ. ಮುಮ್ಮಡಿಯವರು ತಮ್ಮ ರಾಣಿಯ ನೆನಪಿಗೆ ಕಟ್ಟಿಸಿದ ಲಿಂಗಾಂಬುಧಿ ಕೆರೆ. 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ. ಜಗನ್ಮೋಹನ ಅರಮನೆಯ ಚಿತ್ರಶಾಲೆ. ದೇಶದ ಚುನಾವಣೆಗಳಿಗೆ 1962ರಿಂದ ಬೆರಳಿನ ಶಾಯಿ ಮಾಡಿಕೊಡುತ್ತಿರುವ ಕಾರ್ಖಾನೆ, ಅದನ್ನು ಹೊರಗಿನಿಂದಾದರೂ ಸರಿ. ಜಯಲಕ್ಷ್ಮೀ ವಿಲಾಸದ ಒಳಗೆ. ಹೀಗೆ ಬರೆಯುತ್ತಾ ಹಾಳೆ ತುಂಬಿ ಹಿಂದಿನ ಪುಟಕ್ಕೂ ಹೋಗಿತ್ತು.

“ಟ್ಯಾಲಿ ಆಗ್ತಿಲ್ಲ ತಾತ” ಎಂದ.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಲ್ಲು ಬೀಳುತ್ತಿತ್ತು. ಇದೇ ಮೊದಲ ಬಾರಿಗೆ ಸಂತೋಷವಾಯಿತು.

“ಆಗದಿದ್ರೆ ಬೇಡ ಬಿಡು” ಎಂದೆ. “ಬಾಕಿಯನ್ನ ಮುಂದಿನ ರಜೆಗೆ ಒಯ್ಯೋಣ.”

ಡೈರಿಯನ್ನು ಅವನು ಬೆ‌ಂಗಳೂರಿಗೆ ತೆಗೆದುಕೊಂಡು ಹೋಗಲಿಲ್ಲ. ನನ್ನ ಬೀರುವಿನಲ್ಲೇ ಇಟ್ಟು, ಕಳೀಬೇಡಿ ಎಂದು ನನಗೇ ತಾಕೀತು ಮಾಡಿ ಹೋದ.